ಬೆನ್ನ ಹಿಂದಿನ ಮಾಲೂರು

ತಂಗಿ ಸುಗುಣಳ ಗೃಹಪ್ರವೇಶ, ಮಾಲೂರಿನಲ್ಲಿ.
ಬಸ್ಸು ಹತ್ತಿದರೆ ನನಗೆ ವಾಂತಿ,
ಅದಕ್ಕೇ ರೈಲು ಅಂದರು ಇವರು.
ಉಳಿಯುವ ದುಡ್ಡಿನ ಲೆಕ್ಕ
ರಾತ್ರಿಯೇ ಕ್ಯಾಲೆಂಡರಿನ ಮೂಲೆಯಲ್ಲಿ ಗೀಚಿದ್ದನ್ನು
ನಾನು ನೋಡಿದ್ದೆ, ಹೇಳಲಿಲ್ಲ.

ಮಡಿಲಲ್ಲಿ ಸ್ಟೀಲು ಬಿಂದಿಗೆ.
ಚಿಂತಾಮಣಿಯ ಪಾತ್ರೆ ಅಂಗಡಿಯ ಹುಡುಗ
ಕೊರ್ರೆಂದು ಕೊರೆದುಕೊಟ್ಟಿದ್ದ:
‘ಬಯ್ಯಾರೆಡ್ಡಿ ದಂಪತಿಗಳಿಂದ’.
ನನ್ನ ಹೆಸರಿಗೂ ಜಾಗವಿತ್ತು.
ಅಕ್ಷರಕ್ಕೆ ಇಷ್ಟು ಅಂತ ಕಾಸು.

ಶ್ರೀನಿವಾಸಪುರದಲ್ಲಿ ಗಾಡಿ ನಿಂತಿತು.
ಎದುರು ಗಾಡಿ ಬರಬೇಕು, ಕಾಲು ಗಂಟೆ, ಅಂದ ಯಾರೋ.
ಬಾದಾಮಿ ಮಾವು ಇಲ್ಲಿ ಬಿಟ್ಟರೆ ಇನ್ನೆಲ್ಲಿ ಎಂದು
ಚಕ್ಕಳಮಕ್ಕಳ ಬಿಚ್ಚಿ ಬರಿಗಾಲಲ್ಲೇ ಇಳಿದರು.
ಎದುರು ಗಾಡಿ ಬರಲಿಲ್ಲ.
ನಮ್ಮದು ಹೊರಟಿತು.

ಟಿಕೆಟ್ಟು ಕೇಳಲು ಬಂದವನು
ಎರಡು ಚೀಟಿ, ಒಬ್ಬಳೇ ಹೆಂಗಸು, ನೋಡಿ,
ಇನ್ನೊಬ್ಬರು ಎಲ್ಲಮ್ಮಾ ಅಂದ.
ಸೀಟಿನಡಿಯಿಂದ ಜೋಡು ಚಪ್ಪಲಿ ಎತ್ತಿ ತೋರಿಸಿದೆ.
ಪಾಪ, ಅದಕ್ಕೂ ಒಂದು ಗೀಟು ಹಾಕಿ ಮುಂದೆ ಹೋದ.

ಕೋಲಾರದಲ್ಲಿ ಇಳಿದು ಕಾದೆ,
ಬಂದೇ ಬರುತ್ತಾರೆ ಎಂದು.
ನನ್ನ ಚೀಲದೊಳಗೆ ಇವರ ಫೋನು ಕೂಗಿತು.
ಮಾವಿನ ಟೆಂಪೋದವನ ಫೋನಿನಿಂದ
ಇವರೇ ಇವರಿಗೆ ಕರೆ ಮಾಡಿದ್ದರು.
‘ನಾನಾಗಲೇ ಬಂಗಾರಪೇಟೆ ದಾಟ್ತಾ ಇದೀನಿ, ನೀನೆಲ್ಲಿ?’
ಮುನ್ನೂರು ಮನೆಯ ಕರೆಂಟು ಮೀಟರಿನ ನಂಬರು
ಬಾಯಲ್ಲೇ ಇರುವ ಮನುಷ್ಯನಿಗೆ
ಇಪ್ಪತ್ತೆರಡು ವರ್ಷದ ಹೆಂಡತಿಯ ಹತ್ತು ಅಂಕಿ
ನೆನಪಿಗೆ ಬರಲಿಲ್ಲವಂತೆ.

ಆಟೋದಲ್ಲಿ ಹೋದೆ. ರೈಲಿನಲ್ಲಿ ಉಳಿದದ್ದೆಲ್ಲ ಅದಕ್ಕಾಯಿತು.
ಬಂಗಾರಪೇಟೆಯ ಗಾಡಿಯ ಮುಂದೆ ನಿಂತು
ಸಿಟ್ಟಿನಲ್ಲಿ ಪಾನಿಪುರಿ ತಿಂದೆ.
ನೋಡಲು ಬಾವಿಯ ನೀರು,
ಬಾಯಿಗೆ ಹೋದರೆ ಬೆಂಕಿ.
ಇವರು ನನ್ನ ಮುಖ ನೋಡಿ
ಇನ್ನೊಂದು ತಟ್ಟೆ ಹೇಳಿದರು.

ಆಮೇಲೆ ಓಡಿದೆವು.
ಸರಿಯಾದ ಗಾಡಿಯನ್ನೇ ಹತ್ತಿದೆವು,
ಮಾಲೂರಿನ ಮೇಲೆ ಹೋಗುವ ಗಾಡಿ, ಬೋರ್ಡಿನಲ್ಲಿ ಬರೆದಿತ್ತು.
ಕೋರಮಂಡಲ ಬಂತು. ಊರಿಗಾಂ ಬಂತು.
ಕನಕಾಂಬರ ಮುಡಿದ ಮುದುಕಿಯನ್ನು ಕೇಳಿದೆ,
ಅಜ್ಜೀ, ಮಾಲೂರು ಯಾವಾಗ?
ತಮಿಳು ಬೆರೆಸಿ ನಕ್ಕಳು:
‘ಮಾಲೂರಾ? ಬೆನ್ನ ಹಿಂದೆ ಬಿಟ್ಟು ಬಂದೆಯಲ್ಲಾ ತಾಯಿ,
ಈ ಗಾಡಿ ಅಲ್ಲಿಂದಲೇ ಬಂದದ್ದು!’

ಮಾರಿಕುಪ್ಪಂ. ಕಂಬಿಯೇ ಮುಗಿದುಹೋಗುವ ಊರು.
ಅದರಾಚೆ ಗಣಿಯ ಮಣ್ಣಿನ ದಿಬ್ಬ,
ಹುಲ್ಲಿಲ್ಲದೆ, ಹಕ್ಕಿಯಿಲ್ಲದೆ, ಬೂದಿ ಬಳಿದುಕೊಂಡಂತೆ.
ಚಿನ್ನ ತೆಗೆದಾದ ಮೇಲೆ ಉಳಿದದ್ದು ಅಂದರು ಇವರು,
ಮೇಷ್ಟರ ಹಾಗೆ.
ಸುಗುಣ ಫೋನು ಮಾಡಿದಳು. ಹಾಲು ಉಕ್ಕಿತಂತೆ,
ಪೂರ್ವಕ್ಕೇ ಉಕ್ಕಿತಂತೆ,
ಎಲ್ಲರೂ ಊಟಕ್ಕೆ ಕೂತರಂತೆ.
ಅತ್ತಳೋ ಬೈದಳೋ ತಿಳಿಯಲಿಲ್ಲ, ನಾದಸ್ವರದ ಗಲಾಟೆ.

ಗಾಡಿ ವಾಪಸು ಹೊರಡುವವರೆಗೆ
ಕಲ್ಲುಬೆಂಚಿನಲ್ಲಿ ಕೂತು ಮಾವು ತಿಂದೆವು.
ಕೈ ತೊಳೆಯಲು ನಲ್ಲಿಯಿಂದ
ಆ ಬಿಂದಿಗೆಯಲ್ಲೇ ನೀರು ತಂದರು.
ಇನ್ನು ಕೊಡುವ ಹಾಗಿಲ್ಲ ಬಿಡಿ, ಮುಟ್ಟಾಯಿತು, ಅಂದೆ.
ತುಟಿಯ ಮೇಲೆ ರಸ ಒಣಗಿ ಮುಖವೆಲ್ಲ ಅಂಟು,
ಅದೇ ಮುಖದಲ್ಲಿ ಕೇಳಿದರು,
ನಿನ್ನ ನಂಬರು ಹೇಳು.

ಕತ್ತಲಲ್ಲಿ ಚಿಂತಾಮಣಿಯ ಕೊನೆಯ ಬಸ್ಸು.
ನನ್ನ ಕೈಯಲ್ಲಿ ನಿಂಬೆಹಣ್ಣು, ಕಾಲಸಂದಿಯಲ್ಲಿ ಬಿಂದಿಗೆ,
ತಿರುವಿನಲ್ಲೆಲ್ಲ ಢಣ್ ಅನ್ನುತ್ತಿತ್ತು.
ಪಕ್ಕದಲ್ಲಿ ಇವರು, ಮಗ್ಗಿ ಕಲಿಯುವ ಹುಡುಗನಂತೆ,
ಒಂಬತ್ತು ಎಂಟು ನಾಲ್ಕು... ಪಿಸುಗುಡುತ್ತಲೇ ಇದ್ದರು,
ಕೊನೆಯ ಎರಡಂಕಿ ಪ್ರತಿಸಲವೂ ಹಿಂದುಮುಂದು.

ತಿದ್ದಲಿಲ್ಲ ನಾನು.
ಆ ನಂಬರಿಗೂ ಯಾರೋ ಒಬ್ಬರು ಇರುತ್ತಾರೆ,
ಮಾಲೂರಿನಲ್ಲೋ ಎಲ್ಲೋ,
ಎತ್ತಿ, ಯಾರು ಬೇಕಿತ್ತು ಅನ್ನುತ್ತಾರೆ.
ಆಗ ಹೇಳಲಿ ಇವರು,
ಬಿಂದಿಗೆಯ ಮೇಲಿಲ್ಲದ ಹೆಸರನ್ನು.